ಮೊಳ, ಗೇಣು ಮತ್ತು ಹುಳುಮನೆಯ ಅಟ್ಟಣೆ

ವಿರೂಪಾಕ್ಷಿಪುರ ಹೋಬಳಿಯ ಹುಳುಮನೆಗಳಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿತೆಂದರೆ ಹೆಂಗಸರಿಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತಿಲ್ಲ. ಬೆಳೆಯ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಖರ್ಚಾಗುವುದು ಈ ಕೊನೆಯ ಹಂತದಲ್ಲೇ. ಅಟ್ಟಣೆಯ ಕೆಳಗಿನ ಅಂತಸ್ತಿಗೆ ಬಗ್ಗಬೇಕು, ಮೇಲಿನದಕ್ಕೆ ತುದಿಗಾಲಲ್ಲಿ ನಿಲ್ಲಬೇಕು. ಸೊಂಟನೋವನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅದು ತಪ್ಪು; ತಪ್ಪಿರುವುದು ಮೈಗೆ ಹೊಂದದ ಅಟ್ಟಣೆಯ ಅಳತೆಯಲ್ಲಿ.

ಮೊಳ, ಗೇಣು, ಮಾರು ಎಂದು ಮೈಯಿಂದಲೇ ಲೋಕವನ್ನು ಅಳೆದವರು ನಾವು. ಈಗ ಮಾತ್ರ ಸಾಮಾನು ಮೊದಲು ಬರುತ್ತದೆ, ಮೈ ಅದಕ್ಕೆ ಒಗ್ಗಬೇಕು. ಅಳತೆಗಳು ಇಲ್ಲದೆ ಹೀಗಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಭಾರತೀಯರ ದೇಹದ ಅಳತೆಗಳ ಪುಸ್ತಕವನ್ನು 1997ರಲ್ಲೇ ಹೊರತಂದಿತು. ಕೃಷಿ ಕೆಲಸಗಾರರ ದೇಹದಳತೆ ಮತ್ತು ಬಲದ ಅಂಕಿಅಂಶಗಳನ್ನು ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಪ್ರಕಟಿಸಿತು.

ಸರಾಸರಿ ಎತ್ತರ ಹಿಡಿದು ಅಟ್ಟಣೆ ಕಟ್ಟಿದರೆ ಸಾಲದು, ಅರ್ಧದಷ್ಟು ಜನ ಅದಕ್ಕಿಂತ ಕುಳ್ಳಗಿರುತ್ತಾರೆ. ಕೈಗೆಟುಕಬೇಕಾದ್ದನ್ನು ಕುಳ್ಳಗಿನ ಹೆಂಗಸಿನ ಅಳತೆಗೆ, ತಲೆ ತಾಗಬಾರದ ಬಾಗಿಲನ್ನು ಎತ್ತರದ ಗಂಡಸಿನ ಅಳತೆಗೆ ಇಡಬೇಕು. ನಿಂತು ಮಾಡುವ ಹಗುರ ಕೆಲಸಕ್ಕೆ ಮೊಣಕೈಗಿಂತ ತುಸು ಕೆಳಗಿನ ಎತ್ತರ ಹಿತ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಲೇತಿಗೂ ಇದು ಸಲ್ಲುತ್ತದೆ.

ಹುಳುಮನೆಗೆ, ಸಲಕರಣೆಗೆ ಸಹಾಯಧನ ಕೊಡುವ ರೇಷ್ಮೆ ಇಲಾಖೆ ಮಂಜೂರಾತಿಗೆ ಮುನ್ನ ಸೊಪ್ಪು ಹಾಕುವವರ ಮೊಣಕೈ ಎತ್ತರವನ್ನೂ ಕೈಚಾಚನ್ನೂ ಬರೆದುಕೊಳ್ಳಲಿ. ಬೇಕಾದ್ದು ದರ್ಜಿಯ ಟೇಪು, ಐದು ನಿಮಿಷ.