ತ್ಯಾಗವಲ್ಲ, ಹಕ್ಕು

ಬಾಗಲಕೋಟೆಯ ವೇದಿಕೆಗಳಲ್ಲಿ ಮುಳುಗಡೆಯ ಮಾತು ಬಂದಾಗಲೆಲ್ಲ ಒಂದು ಪದ ತಪ್ಪದೆ ಕೇಳಿಸುತ್ತದೆ: ತ್ಯಾಗ. ನಾಡಿಗಾಗಿ ಮನೆ, ಹೊಲ ತ್ಯಾಗ ಮಾಡಿದವರು ಎಂದು ಸಂತ್ರಸ್ತರಿಗೆ ಶಾಲು ಹೊದಿಸುತ್ತಾರೆ. ನನ್ನ ತಕರಾರಿರುವುದು ಈ ಪದದ ಬಗ್ಗೆಯೇ. ತಾನಾಗಿ ಬಿಟ್ಟುಕೊಟ್ಟರೆ ಅದು ತ್ಯಾಗ. ಆಲಮಟ್ಟಿ ಹಿನ್ನೀರಿನವರಿಗೆ ಬಂದದ್ದು 1894ರ ಭೂಸ್ವಾಧೀನ ಕಾಯ್ದೆಯ ನೋಟಿಸು. ದರ ಸಾಲದೆಂದು ಕೋರ್ಟಿಗೆ ಹೋಗಬಹುದಿತ್ತು. ಕೊಡುವುದೇ ಇಲ್ಲ ಎಂದು ಕೂರುವಂತಿರಲಿಲ್ಲ.

ಈ ತಕರಾರಿಗೆ ನನಗೆ ಬಲ ಕೊಟ್ಟವರು ಬಾಲಕೃಷ್ಣನ್ ರಾಜಗೋಪಾಲ್. ಭಾರತ ಮೂಲದ ಈ ವಕೀಲರು 1990ರ ದಶಕದಲ್ಲಿ ಕಾಂಬೋಡಿಯಾದ ವಿಶ್ವಸಂಸ್ಥೆ ಮಾನವ ಹಕ್ಕು ಕಚೇರಿಯಲ್ಲಿ ದುಡಿದರು, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು. 2020ರಲ್ಲಿ ವಸತಿ ಹಕ್ಕಿನ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿ ನೇಮಕಗೊಂಡರು. 2003ರಲ್ಲಿ ಬಂದ ಅವರ ಪುಸ್ತಕದ ವಾದ ಇಷ್ಟು: ಅಂತರರಾಷ್ಟ್ರೀಯ ಕಾನೂನನ್ನು ಸರ್ಕಾರಗಳಷ್ಟೇ ಕಟ್ಟುವುದಿಲ್ಲ, ಬಡ ದೇಶಗಳ ಜನಚಳವಳಿಗಳೂ ಕೆಳಗಿನಿಂದ ಕಟ್ಟುತ್ತವೆ.

ನರ್ಮದೆಯಲ್ಲಿ ಹಾಗೆಯೇ ಆಯಿತು. ಕಣಿವೆಯ ಜನ ಹೂಡಿದ ಹೋರಾಟಕ್ಕೆ ವಿಶ್ವಬ್ಯಾಂಕ್ ಸ್ವತಂತ್ರ ತನಿಖೆ ನಡೆಸಬೇಕಾಯಿತು. 1993ರಲ್ಲಿ ಅದರ ಸಾಲ ನಿಂತಿತು. ಅದೇ ದಶಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲೂ ಪುನರ್ವಸತಿ ಹಿಂದೆ ಬಿದ್ದಿತೆಂದು ಇದೇ ಬ್ಯಾಂಕ್ ಹಣ ತಡೆಹಿಡಿದಿತ್ತು. ನರ್ಮದೆ ಜಗತ್ತಿನ ಕಾನೂನು ತರಗತಿಗಳಿಗೆ ಪಾಠವಾಯಿತು. ಕೃಷ್ಣೆಯದು ನಮ್ಮ ಭಾಷಣಗಳಲ್ಲಿ ತ್ಯಾಗವಾಗಿ ಉಳಿಯಿತು. ಇದರಲ್ಲಿ ಬರೆಯುವ ನಮ್ಮ ತಪ್ಪೂ ಇದೆ. ಮುಳುಗಿದ ಊರಿನ ಬಗ್ಗೆ ಕವಿತೆ ಬರೆದೆವು, ಹಳಹಳಿಸಿದೆವು. ಯಾರಿಗೆ ಏನು ಸಲ್ಲಬೇಕಿತ್ತು, ಎಷ್ಟು ಸಂದಿತು ಎಂದು ಬರೆದದ್ದು ಕಡಿಮೆ.

ಜಿನೀವಾದ ವರದಿಯಿಂದ ಯಾರ ಮನೆ ಉಳಿದಿದೆ ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ವಿಶೇಷ ವರದಿಗಾರರ ಮಾತಿಗೆ ಯಾವ ಸರ್ಕಾರವೂ ಕಟ್ಟುಬಿದ್ದಿಲ್ಲ. ಆದರೆ ಸರಿಯಾದ ವಸತಿ ಪ್ರತಿಯೊಬ್ಬರ ಹಕ್ಕು ಎನ್ನುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದೆ. ಮನೆ ದುಡಿಮೆಗೆ ಹತ್ತಿರವಿರಬೇಕೆಂದು ಆ ಒಡಂಬಡಿಕೆಯ ಸಮಿತಿ 1991ರಲ್ಲಿ ವಿವರಿಸಿದೆ. ಇದನ್ನು ತಿಳಿಯಲು ಜಿನೀವಾಕ್ಕೆ ಹೋಗಬೇಕಿಲ್ಲ. ಇಳಕಲ್ಲಿನ ನೇಕಾರನ ಕುಣಿಮಗ್ಗ ಮನೆಯ ನೆಲದೊಳಗೇ ಇದೆ. ಮನೆ ಹೋದರೆ ಕಸುಬೂ ಹೋಯಿತು. 2009ರ ನೆರೆಯ ನಂತರ ಬಾದಾಮಿ ಸೀಮೆಯ ಮಲಪ್ರಭೆ ದಡದವರಿಗೂ ‘ಆಸರೆ’ ಮನೆಗಳು ಬಂದವು. ಹೊಲದಿಂದ ದೂರವೆಂದು, ದನ ಕಟ್ಟಲು ಜಾಗವಿಲ್ಲವೆಂದು ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ಅವರನ್ನು ಹಟಮಾರಿಗಳು ಎಂದೆವು. ಅವರು ಕೇಳಿದ್ದು ಒಡಂಬಡಿಕೆಯಲ್ಲಿದ್ದುದನ್ನೇ.

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋದಾಗಲೆಲ್ಲ ನಾನು ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿಯುತ್ತೇನೆ. ನಾರಾಯಣಪುರ ಜಲಾಶಯದ ನೀರು ತಾಗದಂತೆ ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಒಳ್ಳೆಯ ಕೆಲಸ. ಇದ್ದಲ್ಲೇ ಉಳಿಯಬೇಕಾದದ್ದು ಯಾವುದೆಂದು ಸರ್ಕಾರಕ್ಕೆ ಗೊತ್ತಾಗುತ್ತದೆ, ಉಳಿಸುವ ಎಂಜಿನಿಯರಿಕೆಯೂ ಗೊತ್ತು. ಹಳೆ ಬಾಗಲಕೋಟೆಯ ಓಣಿಗಳ ವಿಷಯದಲ್ಲಿ ಆ ಪ್ರಶ್ನೆಯನ್ನಾದರೂ ಅಷ್ಟೇ ಗಂಭೀರವಾಗಿ ಕೇಳಿಕೊಂಡೆವೇ? ದಯೆಯೇ ಧರ್ಮದ ಮೂಲವೆಂದವರ ಸನ್ನಿಧಿಯಲ್ಲಿ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ.

ಕತೆ ಮುಗಿದಿಲ್ಲ. 519.60 ಮೀಟರಿನ ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಎತ್ತರಿಸಿದರೆ ಇನ್ನಷ್ಟು ಊರುಗಳು ಏಳಬೇಕು. ಕೆಳಗಿನ ಒಣ ಹೊಲಗಳಿಗೆ ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಏಳುವವರ ಲೆಕ್ಕ ಮೊದಲು ಚುಕ್ತಾ ಆಗಲಿ ಎನ್ನುತ್ತಿದ್ದೇನೆ.

ರಾಜಗೋಪಾಲರ ಪುಸ್ತಕ ಇಂಗ್ಲಿಷಿನಲ್ಲಿದೆ, ಹುನಗುಂದದ ರೈತ ಅದನ್ನು ಓದಲಾರ. ಆದರೆ ಅವರ ಮಾತು ನಿಜವಾದರೆ ಕಾನೂನು ಶುರುವಾಗಬೇಕಾದದ್ದು ಆ ರೈತನ ಬಾಯಿಂದ. ಕಾನೂನು, ಸಾಹಿತ್ಯ ಓದುವ ಹುಡುಗ ಹುಡುಗಿಯರು ಈ ರಜೆಯಲ್ಲಿ ಒಂದು ಪುನರ್ವಸತಿ ಕೇಂದ್ರಕ್ಕೆ ಹೋಗಿ. ನೋಟಿಸು ಎಂದು ಬಂತು, ಹಣ ಎಂದು ಬಂತು, ನಿವೇಶನ ಎಲ್ಲಿ ಸಿಕ್ಕಿತು, ಕಸುಬು ಏನಾಯಿತು ಎಂದು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಕಾಗದದಲ್ಲಿ ತ್ಯಾಗ ಎಂಬ ಪದ ಬೇಡ.