ಒಂದೇ ರಾಜ್ಯ, ಒಂದೇ ನದಿ: ನಾಸಿಕ್ ಬಿಟ್ಟರಷ್ಟೇ ಚಿಕಲಠಾಣಾಕ್ಕೆ ನೀರು?

ಛತ್ರಪತಿ ಸಂಭಾಜಿನಗರ: ನಗರದ ವಿಮಾನ ನಿಲ್ದಾಣವಿರುವುದು ಚಿಕಲಠಾಣಾದಲ್ಲಿ, ಹಳೆಯ ಕೈಗಾರಿಕಾ ಪ್ರದೇಶವೂ ಇಲ್ಲೇ. ಆದರೆ ನಗರಕ್ಕೆ ನೀರು ಬರಬೇಕಾದದ್ದು ಸುಮಾರು 50 ಕಿ.ಮೀ. ದೂರದ ಪೈಠಣದಿಂದ, ಗೋದಾವರಿಯ ಜಾಯಕವಾಡಿ ಜಲಾಶಯದಿಂದ.

ಸಮಸ್ಯೆ ಇರುವುದು ಭೂಗೋಳದಲ್ಲೇ. ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ. ಮುಂಗಾರು ಮೋಡಗಳು ಘಟ್ಟದಲ್ಲೇ ಬಹುಪಾಲು ಸುರಿದುಬಿಡುತ್ತವೆ. ಮರಾಠವಾಡ ಮಳೆ ನೆರಳಿನ ನಾಡು. ಮೇಲಿನ ಗಂಗಾಪುರ, ದಾರಣಾ ಅಣೆಕಟ್ಟೆಗಳು ತುಂಬಿದ ಮೇಲೆಯೇ ಕೆಳಗಿನವರ ಸರದಿ.

ಕನ್ನಡಿಗರಿಗೆ ಕಾವೇರಿ ನೆನಪಾದೀತು. ಇಲ್ಲಿ ಮಾತ್ರ ಜಗಳ ಒಂದೇ ರಾಜ್ಯದೊಳಗೆ. ಅದಕ್ಕೆ ಇತಿಹಾಸವೂ ಇದೆ: 1956ರವರೆಗೆ ಮರಾಠವಾಡ, ನಮ್ಮ ಬೀದರ್, ಕಲಬುರಗಿಗಳಂತೆ, ಹೈದರಾಬಾದ್ ರಾಜ್ಯದಲ್ಲಿತ್ತು. ಹಿಂದುಳಿದೆವೆಂಬ ಕೊರಗು ಎರಡೂ ಕಡೆ ಒಂದೇ.

2005ರ ಜಲಸಂಪನ್ಮೂಲ ಕಾಯ್ದೆಯಡಿ ಬಂದ ಸೂತ್ರದ ಪ್ರಕಾರ, ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ಶೇ. 65ರಷ್ಟು ನೀರಿಲ್ಲದಿದ್ದರೆ ಮೇಲಿನವರು ಬಿಡಬೇಕು. 2023ರಲ್ಲಿ ಹಾಗೇ ಆಯಿತು. 8.6 ಟಿಎಂಸಿ ಬಿಡಲು ಆದೇಶವಾದಾಗ ದ್ರಾಕ್ಷಿ, ಕಬ್ಬಿನ ಸೀಮೆ ಕೆರಳಿತು. ಸುಪ್ರೀಂ ಕೋರ್ಟ್ ತಡೆ ನೀಡಲಿಲ್ಲ.

ಆದೇಶದಷ್ಟು ನೀರು ಪೈಠಣ ತಲುಪುವುದಿಲ್ಲ ಎಂಬುದು ಬೇರೆ ಮಾತು. ಒಣಗಿದ ನದಿಪಾತ್ರವೇ ದಾರಿಯಲ್ಲಿ ಒಂದಷ್ಟನ್ನು ಕುಡಿದುಬಿಡುತ್ತದೆ.