ಸೋತದ್ದು ಹಾವಿಗಲ್ಲ, ಕಳಲೆಗೆ

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋದಾಗ, ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿರುವ ಅವಳ ಮಗ ಕೇಳಿದ ಮೊದಲ ಪ್ರಶ್ನೆ: ‘ಮಾವ, ಚೀನಾದಲ್ಲಿ ಹಾವು ತಿಂದ್ರಾ? ಚೇಳು?’

ಇಪ್ಪತ್ತೇಳು ವರ್ಷಗಳಿಂದ ಇಂಗ್ಲೆಂಡಿನಲ್ಲಿ ವೈದ್ಯನಾಗಿರುವ ನಾನು ಈ ವಸಂತದಲ್ಲಿ ಪತ್ನಿಯೊಡನೆ ದಕ್ಷಿಣ ಚೀನಾದ ಗ್ವಾಂಗ್‌ಷಿ ಮತ್ತು ಗ್ವೀಝೌ ಪ್ರದೇಶಗಳಲ್ಲಿ ಎರಡು ವಾರ ತಿರುಗಿ ಬಂದಿದ್ದೆ. ಹಾವು ತಿನ್ನಲಿಲ್ಲ, ಚೇಳೂ ಇಲ್ಲ. ಬೀಜಿಂಗಿನ ವಾಂಗ್‌ಫುಜಿಂಗ್ ಬೀದಿಯಲ್ಲಿ ಕಡ್ಡಿಗೆ ಚುಚ್ಚಿ ಮಾರುತ್ತಿದ್ದ ಚೇಳುಗಳು ಬಹುಮಟ್ಟಿಗೆ ಪ್ರವಾಸಿಗರ ಕ್ಯಾಮೆರಾಗಳಿಗಾಗಿಯೇ ಇದ್ದವು. ಅದನ್ನೇ ಚೀನೀಯರ ನಿತ್ಯದ ಊಟವೆಂದು ಬಗೆದು ನಗುವವರಿಗೆ, ನಮ್ಮ ಮಲೆನಾಡಿನ ಚಿಗಳಿ ಚಟ್ನಿಯನ್ನು ಯಾವ ಜೀವಿಯಿಂದ ಅರೆಯುತ್ತಾರೆಂಬುದನ್ನು ನೆನಪಿಸಬೇಕಾಗುತ್ತದೆ. ನಾನು ಸೋತದ್ದು ಕಳಲೆಗೆ.

ಗ್ವಾಂಗ್‌ಷಿಯ ಲ್ಯೂಝೌ ನಗರದ ಹೆಸರುವಾಸಿ ತಿನಿಸು ಲುವೋಸಿಫೆನ್. ಹೊಳೆಯ ಬಸವನಹುಳುಗಳನ್ನು ಮೂಳೆಗಳೊಂದಿಗೆ ಗಂಟೆಗಟ್ಟಲೆ ಕುದಿಸಿ ತೆಗೆದ ರಸಕ್ಕೆ ಅಕ್ಕಿಯ ಶಾವಿಗೆ, ಖಾರದ ಎಣ್ಣೆ, ನೆಲಗಡಲೆ, ಹುಳಿ ಬರಿಸಿದ ಕಳಲೆ ಸೇರಿಸುತ್ತಾರೆ. ಬಹಳಷ್ಟು ಅಂಗಡಿಗಳ ಬಟ್ಟಲಿನಲ್ಲಿ ಬಸವನಹುಳುವಿನ ಮಾಂಸ ಕಾಣುವುದೇ ಇಲ್ಲ. ಬೀದಿಯ ತುದಿಗೇ ಬಂದು ಎದುರುಗೊಳ್ಳುವ ವಾಸನೆ ಹುಳುವಿನದಲ್ಲ, ಕಳಲೆಯದು. ಹುದುಗಿದ ಕಳಲೆಯಲ್ಲಿ ಹುಟ್ಟುವ ಪ್ಯಾರಾ-ಕ್ರೆಸಾಲ್ ಎಂಬ ರಾಸಾಯನಿಕ ಇದಕ್ಕೆ ಮುಖ್ಯ ಕಾರಣ. ದನದ ಕೊಟ್ಟಿಗೆಯ ವಾಸನೆಯಲ್ಲಿಯೂ ಅದೇ ಇರುತ್ತದೆ. ಕೊಟ್ಟಿಗೆ ಬಳಿದು ಬೆಳೆದ ಹುಡುಗನಿಗೆ ಅದು ಅಪರಿಚಿತವಾಗಬಾರದಿತ್ತು.

ನನ್ನ ಸಹೋದ್ಯೋಗಿ ವೈದ್ಯೆಯೊಬ್ಬರ ತವರು ಆ ಊರು. ಅವರ ತಮ್ಮ ನಮಗಾಗಿ ಕೆಲಸಕ್ಕೆ ರಜೆ ಹಾಕಿ, ತಾನು ಬಾಲ್ಯದಿಂದ ತಿನ್ನುತ್ತಿದ್ದ ಅಂಗಡಿಗೆ ಕರೆದೊಯ್ದ. ಬಟ್ಟಲು ಮುಂದೆ ಬಂದೊಡನೆ ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ‘ಹೊಟ್ಟೆ ಸರಿಯಿಲ್ಲ’ ಎಂದು ಸುಳ್ಳು ಹೇಳಿದೆ. ರೋಗಿಗಳ ಹೊಟ್ಟೆನೋವಿನ ನೆಪಗಳನ್ನು ದಿನವೂ ಕೇಳುವವನು ತಾನೇ ಅದನ್ನು ಹೇಳುವಾಗ ಎಷ್ಟು ಕೆಟ್ಟದಾಗಿ ಹೇಳುತ್ತಾನೆಂಬುದು ಅಂದು ತಿಳಿಯಿತು. ಆ ಹುಡುಗ ಅವಸರದಿಂದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, ತೊದಲು ಇಂಗ್ಲಿಷಿನಲ್ಲಿ, ವಾಸನೆಗಾಗಿ ಕ್ಷಮಿಸಬೇಕೆಂದು ಕೇಳಿಕೊಂಡ.

ಆ ಕ್ಷಮಾಪಣೆ ನನ್ನನ್ನು ಇಪ್ಪತ್ತಾರು ವರ್ಷ ಹಿಂದಕ್ಕೆ ಒಯ್ದಿತು. ಇಂಗ್ಲೆಂಡಿಗೆ ಹೋದ ಹೊಸತರಲ್ಲಿ ಆಸ್ಪತ್ರೆಯ ವಸತಿಗೃಹದಲ್ಲಿದ್ದೆ. ಆರು ಮಂದಿಗೆ ಒಂದೇ ಅಡುಗೆಮನೆ. ಅವ್ವ ಕಳಿಸಿದ್ದ ಒಣಸೀಗಡಿ ಚಟ್ನಿಯನ್ನು ರಾತ್ರಿ ಪಾಳಿ ಮುಗಿಸಿ ಬಂದು ಬಾಣಲೆಯಲ್ಲಿ ಬೆಚ್ಚಗೆ ಮಾಡಿದ್ದೆ. ಮರುದಿನ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಅದರಲ್ಲಿ ಬೈಗುಳವಿರಲಿಲ್ಲ. ‘ದಯವಿಟ್ಟು’ ಎಂಬ ಪದವೂ ಇತ್ತು. ಬರೆದವರು ಯಾರೆಂದು ನಾನು ವಿಚಾರಿಸಲಿಲ್ಲ. ಎಲ್ಲರಲ್ಲಿಯೂ ಕ್ಷಮೆ ಕೇಳಿ, ಉಳಿದ ಚಟ್ನಿಯನ್ನು ಡಬ್ಬಿ ಸಮೇತ ಕಟ್ಟಡದ ಹಿಂದಿನ ಕಸದ ತೊಟ್ಟಿಗೆ ಹಾಕಿದೆ. ಭಾನುವಾರ ಫೋನಿನಲ್ಲಿ ಅವ್ವ, ‘ಚಟ್ನಿ ಮುಗೀತಾ? ಇನ್ನೊಂದು ಡಬ್ಬಿ ಕಳಿಸ್ಲಾ?’ ಎಂದರೆ, ‘ಇನ್ನೂ ಇದೆ ಅವ್ವ’ ಎಂದಿದ್ದೆ. ಆಮೇಲೆ ಎಷ್ಟು ತಿಂಗಳು ಕಳೆದರೂ ಆ ಡಬ್ಬಿ ಮುಗಿಯಲೇ ಇಲ್ಲ. ಅವ್ವ ಈಗ ಇಲ್ಲ.

ಪರದೇಶದಲ್ಲಿ ನೆಲೆಸಿದ ನಮ್ಮವರು ಕೂಡಿದಾಗಲೆಲ್ಲ ಇಂಥ ಕಥೆ ಒಂದಾದರೂ ಹೊರಬರುತ್ತದೆ: ಇಂಗಿನ ಒಗ್ಗರಣೆ, ಬೆಳ್ಳುಳ್ಳಿ, ಊಟದ ಡಬ್ಬಿ ತೆರೆದಾಗ ಪಕ್ಕದವನು ಸರಿದು ಕುಳಿತದ್ದು. ಹೇಳುವಾಗ ನಾವೆಲ್ಲ ನೊಂದವರೇ. ಅದೇ ನಾವು ಚೀನೀಯರ ಊಟದ ವಿಷಯ ಬಂದರೆ ನಾಲಿಗೆಯನ್ನು ಹರಿಯಬಿಡುತ್ತೇವೆ. ಲ್ಯೂಝೌದ ಆ ಅಂಗಡಿಯಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದವನು ನಾನೇ ಆಗಿದ್ದೆ.

ಅಂದು ಮಾನ ಉಳಿಸಿದವಳು ನನ್ನ ಪತ್ನಿ. ಶಿರಸಿ ಕಡೆಯವಳು, ಹುಟ್ಟಾ ಸಸ್ಯಾಹಾರಿ. ಆ ರಸವನ್ನು ಅವಳು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಆದರೆ ಎದ್ದು ಹೋಗಿ, ಅಂಗಡಿಯ ಅಜ್ಜಿಗೆ ಕೈಸನ್ನೆ ಮಾಡಿ, ಕಳಲೆಯ ಜಾಡಿಯ ಮುಚ್ಚಳ ತೆಗೆಸಿ ಇಣುಕಿದಳು. ‘ನಮ್ಮ ಕಳಲೆಯೇ. ನಾವು ಮೂರು ದಿನ ನೀರು ಬದಲಿಸ್ತೇವೆ, ಇವರು ಅದೇ ನೀರಲ್ಲಿ ಹುಳಿ ಬರಿಸಿದಾರೆ’ ಎಂದಳು. ಅವಳ ಮಾತು ಸರಿಯಾಗಿತ್ತು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಅದನ್ನು ತಗ್ಗಿಸಲು ಮಲೆನಾಡಿನ ಹೆಂಗಸರು ಒಂದು ದಾರಿ ಕಂಡುಕೊಂಡರು, ಗ್ವಾಂಗ್‌ಷಿಯ ಹೆಂಗಸರು ಇನ್ನೊಂದು. ಅಜ್ಜಿ ಒಂದು ಚೂರು ಕಳಲೆ ಕೊಟ್ಟಳು. ಪತ್ನಿ ತಿಂದು ತಲೆಯಾಡಿಸಿದಳು. ವ್ರತ, ನಂಬಿಕೆ, ನಾಲಿಗೆ ಯಾವ ಕಾರಣಕ್ಕಾದರೂ ತಿನ್ನದಿರುವ ಹಕ್ಕು ಎಲ್ಲರಿಗೂ ಇದೆ. ಮೂಗು ಮುಚ್ಚಿಕೊಳ್ಳುವುದು ಬೇರೆಯೇ ಸಂಗತಿ.

ಮರುದಿನ ಬೆಳಿಗ್ಗೆ ಆ ಹುಡುಗನನ್ನು ನಾನೇ ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಮೊದಲ ಮೂರು ತುತ್ತು ಕಷ್ಟವಾಯಿತು, ಸುಳ್ಳು ಹೇಳಲಾರೆ. ನಾಲ್ಕನೆಯದರಿಂದ ವಾಸನೆ ಹಿಂದೆ ಸರಿದು ಹುಳಿ, ಖಾರ ಮುಂದೆ ಬಂದವು. ಬಟ್ಟಲು ಖಾಲಿಯಾಯಿತು.

ಗ್ವೀಝೌದ ಕಾಯ್ಲಿಯಲ್ಲಿ ಹುಳಿಸಾರಿನ ಮೀನು ತಿಂದೆವು, ತಿಂದೆನು ಎನ್ನಬೇಕು. ಮಿಯಾವೊ ಜನರ ಅಡುಗೆ ಅದು. ಅಲ್ಲಿನ ಬಿಳಿಯ ಹುಳಿಸಾರು ಅಕ್ಕಿ ತೊಳೆದ ನೀರನ್ನು ಹುದುಗಿಸಿ ಮಾಡಿದ್ದು. ನಾವು ದನಕ್ಕೆ ಕೊಡುವ ಅಕ್ಕಚ್ಚು! ಮೂರು ದಿನ ಹುಳಿ ತಿನ್ನದಿದ್ದರೆ ನಡೆಯುವಾಗ ಕಾಲು ತಡವರಿಸುತ್ತದೆ ಎಂಬುದು ಅವರ ಗಾದೆ. ಝೆ-ಅರ್-ಗೆನ್ ಎಂಬ ಬೇರು ಮಾತ್ರ ನನ್ನಿಂದಾಗಲಿಲ್ಲ. ಸಸ್ಯವೊಂದು ಹಸಿ ಮೀನಿನಂತೆ ನಾರುವುದನ್ನು ನನ್ನ ನಾಲಿಗೆ ಒಪ್ಪಲಿಲ್ಲ. ಈ ಸಲ ಬಟ್ಟಲನ್ನು ಸುಮ್ಮನೆ ಪಕ್ಕಕ್ಕಿಟ್ಟೆ, ಹೊಟ್ಟೆನೋವನ್ನು ಕರೆಯಲಿಲ್ಲ.

ಬಾಯನ್ನು ಜುಮ್ಮೆನ್ನಿಸುವ ಅಲ್ಲಿಯ ಹ್ವಾಜಿಯಾವೊ ನಮ್ಮ ಜುಮ್ಮನಕಾಯಿಯ ಕುಲದ್ದೇ. ಆ ಅನುಭವಕ್ಕೆ ಚೀನೀಯರು ‘ಮಾ’ ಎನ್ನುತ್ತಾರೆ, ನಾವು ಕಾಯಿಗೇ ಆ ಹೆಸರಿಟ್ಟೆವು. ಲಂಡನ್ನಿನ ಸಂಶೋಧಕರು 2013ರಲ್ಲಿ, ಆ ಜುಮ್ಮು ಸೆಕೆಂಡಿಗೆ ಸುಮಾರು 50 ಸಲದ ಕಂಪನದಂತೆ ತುಟಿಗೆ ಭಾಸವಾಗುತ್ತದೆಂದು ಅಳೆದರು.

ವೈದ್ಯನಾಗಿ ಒಂದನ್ನು ಖಂಡಿತವಾಗಿ ನಿರಾಕರಿಸಿದೆ: ಗ್ವಾಂಗ್‌ಷಿಯ ಕೆಲವೆಡೆ ಬಡಿಸುವ ಹಸಿ ಹೊಳೆಮೀನಿನ ತೆಳುಹೋಳುಗಳು. ಅದರಿಂದ ಯಕೃತ್ತಿನ ಚಪ್ಪಟೆಹುಳು ದೇಹ ಸೇರಿ ಪಿತ್ತನಾಳದಲ್ಲಿ ವರ್ಷಗಟ್ಟಲೆ ಇರಬಲ್ಲದು. ಮುಂದೆ ಪಿತ್ತನಾಳದ ಕ್ಯಾನ್ಸರಿಗೂ ದಾರಿಯಾಗಬಹುದು. ಮೀನು ಚೆನ್ನಾಗಿ ಬೆಂದರೆ ಆ ಭಯವಿಲ್ಲ. ಆತಿಥೇಯರಿಗೆ ಕಾರಣವನ್ನೇ ಹೇಳಿದೆ, ಬೇಸರಪಡಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳುತ್ತ, ತಂದಿದ್ದ ಲುವೋಸಿಫೆನ್ ಪೊಟ್ಟಣವನ್ನು ತಂಗಿಯ ಅಡುಗೆಮನೆಯಲ್ಲಿ ಕುದಿಸಿದೆ. ತಂಗಿ ಕಿಟಕಿಗಳನ್ನೆಲ್ಲ ತೆರೆದು ಅಂಗಳಕ್ಕೆ ಹೋಗಿ ನಿಂತು, ‘ಕೆಟ್ಟಿದ್ದಲ್ವೇನೋ ಅಣ್ಣಯ್ಯ ಅದು?’ ಎಂದು ಕೂಗಿದಳು. ಹುಡುಗ ಎರಡು ತುತ್ತಿಗೆ ಮುಖ ಕಿವುಚಿದ, ಆಮೇಲೆ ಮೊಬೈಲ್ ಕೆಳಗಿಟ್ಟು ತಿಂದ.

ಸ್ವಲ್ಪ ಹೊತ್ತಿನ ಮೇಲೆ ಅಂಗಳದಿಂದಲೇ ತಂಗಿಯ ದನಿ ಬಂತು: ‘ಇವನ ಪೆಟ್ಟಿಗೆಗೆ ಸೀಗಡಿ ಚಟ್ನಿ ಹಾಕ್ಲೋ ಬೇಡ್ವೋ? ಅಲ್ಲಿಯವ್ರು ಏನಂತಾರೋ.’

ಎರಡು ಡಬ್ಬಿ ಹಾಕು ಎಂದೆ.